ಅಮೃತಮಹಲ್ ಕಾವಲುಗಳು: ಹುಲ್ಲಿನ ಆಡಳಿತದ ಒಂದು ಅಧ್ಯಾಯ

ಅಮೃತಮಹಲ್ ತಳಿಯ ಎತ್ತುಗಳ ವೇಗವನ್ನೂ ಸಹನೆಯನ್ನೂ ಕುರಿತು ಬರೆದವರು ಅನೇಕರು; ಅವು ಮೇದ ಹುಲ್ಲಿನ ವಿಚಾರವನ್ನು ಬರೆದವರು ವಿರಳ. 1781ರಲ್ಲಿ ಹೈದರನ ಸೈನ್ಯವು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ 100 ಮೈಲಿ ನಡೆಯಿತೆಂಬ ಪ್ರಸಿದ್ಧ ವೃತ್ತಾಂತದಲ್ಲಿ ಕೀರ್ತಿಯೆಲ್ಲವೂ ತಳಿಗೇ ಸಂದಿದೆ. ಅದರಲ್ಲಿ ಹುಲ್ಲುಗಾವಲಿನ ಪಾಲೂ ಉಂಟೆಂಬುದು ನಮ್ಮ ಅಭಿಪ್ರಾಯ.

ಚಿಕ್ಕದೇವರಾಜ ಒಡೆಯರ (1672–1704) ಕಾಲದಲ್ಲಿ ಬೆಣ್ಣೆ ಚಾವಡಿಯೆಂಬ ಹೆಸರಿನಿಂದ ಆರಂಭವಾದ ಈ ಇಲಾಖೆಗೆ ರಾಜ್ಯದ ನಾನಾ ಭಾಗಗಳಲ್ಲಿ ಕಾವಲುಗಳನ್ನು ಬಿಡಲಾಗಿತ್ತು. ಅಮೃತಮಹಲ್ ಎಂಬ ಹೆಸರು ಟಿಪ್ಪುವಿನದು. ಆತನು ಹೊರಡಿಸಿದ ಹುಕುಂನಾಮೆಯ ನಿಯಮಗಳನ್ನು ಮುಂದೆ ಬ್ರಿಟಿಷ್ ಅಧಿಕಾರಿಗಳೂ ಅನುಸರಿಸಿದುದು ಗಮನಾರ್ಹ.

ಕಾವಲುಗಳಲ್ಲಿ ಮೂರು ವಿಧ: ಮಳೆಗಾಲದವು, ಚಳಿಗಾಲದವು, ಬೇಸಿಗೆಯವು. ಮಳೆಗಾಲದ ಕಾವಲಿನಲ್ಲಿ ನೆರಳಿಲ್ಲದಿದ್ದರೂ ಬಾಧಕವಿಲ್ಲ. ಬೇಸಿಗೆಯದಕ್ಕೆ ನೀರು, ನೆರಳು, ಅಷ್ಟಿಷ್ಟು ಹಸಿರು ಮೂರೂ ಬೇಕು. ಆದುದರಿಂದ ಅವೇ ಅತ್ಯಂತ ಬೆಲೆಯುಳ್ಳವು. ಇತರರ ದನಗಳು ನುಗ್ಗದಂತೆ ಕಾವಲುಗಾರರು ಅವನ್ನು ಕಾಯುತ್ತಿದ್ದರು. ಇದರ ಮರ್ಮ ಸರಳವಾದುದು. ಮುಂಗಾರಿನ ಎಳೆಹುಲ್ಲು ಪುಷ್ಟಿಕರ. ತೆನೆಯಾಡಿ ಬಲಿತ ಮೇಲೆ ಅದೇ ಹುಲ್ಲು ಕರಡವಾಗಿ ಸಾರ ಕಳೆದುಕೊಳ್ಳುತ್ತದೆ. ಆಳಕ್ಕೆ ಬೇರು ಬಿಡುವ ದ್ವಿದಳ ಸಸ್ಯಗಳು ಹಸಿರನ್ನೂ ಸಾರಜನಕವನ್ನೂ ಕೊಂಚ ಹೆಚ್ಚು ಕಾಲ ಉಳಿಸಿಕೊಳ್ಳುತ್ತವೆ. ಬಿಡುವಿಲ್ಲದೆ ಮೇಯಿಸಿದಲ್ಲಿ ದನಗಳು ರುಚಿಯಾದ ಗಿಡಗಳನ್ನೇ ಮೊದಲು ಕಚ್ಚುವುದರಿಂದ ಇವು ಬೇಗ ಕ್ಷೀಣಿಸುತ್ತವೆ. ಹಿಂಡನ್ನು ಋತುವಿಗನುಸಾರವಾಗಿ ಸಾಗಿಸಿದರೆ ನೆಲಕ್ಕೆ ವಿಶ್ರಾಂತಿ, ಗಿಡಕ್ಕೆ ಬೀಜ ಕಟ್ಟಲು ಅವಕಾಶ. ಈ ರಸಾಯನವು ಅಂದಿನ ಗೋಪಾಲಕರಿಗೆ ತಿಳಿದಿರಲಿಲ್ಲ, ಫಲವು ತಿಳಿದಿತ್ತು.

1799ರ ಅನಂತರ ಹಿಂಡುಗಳು ಕ್ಷೀಣಿಸಿದುವು. 1813ರಲ್ಲಿ ಬ್ರಿಟಿಷ್ ಸೇನೆಯ ಸರಬರಾಜು ಇಲಾಖೆಯು ವಹಿಸಿಕೊಂಡ ಮೇಲೆ ಚೇತರಿಸಿದುವು. 1860ರಲ್ಲಾದರೋ ಮಿತವ್ಯಯದ ನೆಪದಿಂದ ಅವನ್ನು ಮಾರಿಬಿಡಲಾಯಿತು. ಉತ್ತಮ ರಾಸುಗಳಲ್ಲಿ ಬಹುಪಾಲು ಈಜಿಪ್ಟಿನ ಪಾಷಾನ ಪಾಲಾದುವು. ಸೈನ್ಯಕ್ಕೆ ಎತ್ತುಗಳ ಅಭಾವ ತಲೆದೋರಲು, 1866ರಲ್ಲಿ ಇಲಾಖೆಯನ್ನು ಮರಳಿ ಸ್ಥಾಪಿಸಬೇಕಾಯಿತು. ಉಳಿತಾಯವೆಂದರೆ ಇದೇ!

ಹಿಂಡನ್ನು ಮಾರಿದರೆ ಮತ್ತೆ ಕೂಡಿಸಬಹುದು. ಉತ್ತ ಕಾವಲು ಸುಲಭವಾಗಿ ಮರಳುವುದಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಸಾಗುವಳಿಗೂ ಇತರ ಉಪಯೋಗಗಳಿಗೂ ಬಹಳಷ್ಟು ಕಾವಲುಭೂಮಿ ಹೋಯಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ಕಾವಲುಭೂಮಿಯನ್ನು ಕೊಟ್ಟ ವಿಷಯವು 2013ರ ಹೊತ್ತಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದಿತ್ತು. ಅಲ್ಲಿ ಕುರಿದನಗಳನ್ನು ಮೇಯಿಸುತ್ತಿದ್ದ ಗ್ರಾಮಸ್ಥರು ಕೇಳಿದುದು ಹಳೆಯ ಪ್ರಶ್ನೆಯನ್ನೇ: ಬೇಸಿಗೆಯಲ್ಲಿ ಹಿಂಡನ್ನು ಎಲ್ಲಿಗೆ ಹೊಡೆಯುವುದು?