ಒಂಟಿಹಳಿಯ ಗುಂಡು

ಅನ್ನಪೂರ್ಣೇಶ್ವರಿ ನಗರದ ದಕ್ಷಿಣಕ್ಕೆ, ವಿಶ್ವವಿದ್ಯಾಲಯದ ವಿಸ್ತಾರವಾದ ಆವರಣವನ್ನು ದಾಟಿದೊಡನೆ, ನಾಯಂಡಹಳ್ಳಿ, ಜ್ಞಾನಭಾರತಿ, ಕೆಂಗೇರಿಗಳನ್ನು ಪೋಣಿಸಿಕೊಂಡು ಸಾಗುವ ಮೈಸೂರು ರೈಲುಮಾರ್ಗವು 1876–78ರ ಘೋರ ಕ್ಷಾಮದ ಕಾಲದ್ದು. ಹಸಿದ ಜನಕ್ಕೆ ಕೂಲಿ ದೊರಕಲೆಂದು ಕೈಗೊಂಡ ಕಾಮಗಾರಿಯ ಏರಿಯ ಮೇಲೆ ಮೀಟರ್ ಗೇಜ್ ಹಳಿ ಹಾಸಿ, 1881ರಲ್ಲಿ ಚನ್ನಪಟ್ಟಣದವರೆಗೂ ಮರುವರ್ಷ ಮೈಸೂರಿನವರೆಗೂ ಗಾಡಿಯನ್ನು ಓಡಿಸಿದರು. ಇಂದು ಜೋಡಿ ಹಳಿಗಳ ಮೇಲೆ ವಿದ್ಯುತ್ ಎಂಜಿನುಗಳು ಧಾವಿಸುವ ಈ ದಾರಿಯಲ್ಲಿ ಆಗ ಇದ್ದುದು ಒಂದೇ ಹಳಿ. ಎದುರುಬದುರಾಗಿ ಬರುವ ಗಾಡಿಗಳು ಎಲ್ಲಿ ಸಂಧಿಸಬೇಕು, ಯಾವುದು ನಿಂತು ಯಾವುದಕ್ಕೆ ದಾರಿ ಕೊಡಬೇಕು ಎಂಬ ಪ್ರಶ್ನೆಯ ಮೇಲೆಯೇ ಪ್ರಯಾಣಿಕರ ಪ್ರಾಣ ನಿಂತಿತ್ತು.

ನಮ್ಮ ನಾಡಿನ ಒಂಟಿಹಳಿಯ ಮಾರ್ಗಗಳಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರವು ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ ಒಂದು ಲೋಹದ ಗುಂಡು. ಅಕ್ಕಪಕ್ಕದ ಎರಡು ನಿಲ್ದಾಣಗಳ ಯಂತ್ರಗಳು ತಂತಿಯಿಂದ ಒಂದಕ್ಕೊಂದು ಬಿಗಿದಿದ್ದು, ಮುಂದಿನ ನಿಲ್ದಾಣದ ಮಾಸ್ತರರು ಒಪ್ಪಿಗೆ ಕೊಟ್ಟ ಹೊರತು ಹಿಂದಿನ ಯಂತ್ರದಿಂದ ಗುಂಡು ಹೊರಬಾರದು; ಹೊರಬಂದ ಗುಂಡು ಆ ಕಡೆಯ ಯಂತ್ರವನ್ನು ಸೇರುವವರೆಗೆ ಎರಡನೆಯದು ದೊರೆಯದು. ಚರ್ಮದ ಚೀಲದಲ್ಲಿಟ್ಟು, ದೊಡ್ಡ ಬಳೆಗೆ ಸಿಕ್ಕಿಸಿ, ಪ್ಲಾಟ್‌ಫಾರಮಿನಲ್ಲಿ ನಿಂತು ನೌಕರನು ಎತ್ತಿ ಹಿಡಿದ ಈ ಗುಂಡನ್ನು ಓಡುವ ಎಂಜಿನಿನಿಂದ ಬಾಗಿ ತೋಳಿಗೆ ಸಿಕ್ಕಿಸಿಕೊಳ್ಳದೆ ಡ್ರೈವರನು ನಿಲ್ದಾಣವನ್ನು ಬಿಡುವಂತಿರಲಿಲ್ಲ. ಇದರೊಡನೆ ಇಂಟರ್‌ಲಾಕಿಂಗ್ ಬಂದಿತು: ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಪಾಯಿಂಟು ಸರಿಯಾದ ಹಳಿಗೆ ತಿರುಗಿ ಬೀಗ ಬಿದ್ದ ಹೊರತು ಕೈಮರ ಇಳಿಯದು. ದಣಿದ ಮನುಷ್ಯನು ತಪ್ಪುವುದು ಸಹಜವೆಂದು ಮೊದಲೇ ಒಪ್ಪಿಕೊಂಡು, ಆ ತಪ್ಪು ಹಳಿಯನ್ನು ಮುಟ್ಟದಂತೆ ತಡೆದ ಈ ಏರ್ಪಾಡಿನ ವಿವೇಕವನ್ನು ನಾನು ಎಷ್ಟು ಮೆಚ್ಚಿದರೂ ಸಾಲದು.

ಆದುದರಿಂದಲೇ, ಅಪಘಾತವೊಂದು ಸಂಭವಿಸಿದೊಡನೆ ‘ಮಾನವ ದೋಷ’ವೆಂದು ಬರೆದು ಕಡತವನ್ನು ಮುಚ್ಚುವ ರೂಢಿ ನನಗೆ ಸಮ್ಮತವಿಲ್ಲ. 2012ರ ಮೇ 22ರ ನಸುಕಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಪೆನುಕೊಂಡದಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಬಡಿದು, ಬೆಂಗಳೂರಿಗೆ ಬರುತ್ತಿದ್ದ 20ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಕೆಂಪು ದೀಪವನ್ನು ಮೀರಿದ ಎಂಜಿನನ್ನು ತಾನಾಗಿ ತಡೆದು ನಿಲ್ಲಿಸುವ ಸಾಧನ ಆ ಹಳಿಯಲ್ಲಿ ಏಕಿರಲಿಲ್ಲವೆಂಬುದೇ ಅಲ್ಲಿ ಮುಖ್ಯವಾದ ಪ್ರಶ್ನೆ.

ಇನ್ನೂ ಕಳವಳಕಾರಿಯಾದುದು ಹೊಸದುರ್ಗ ರೋಡ್ ನಿಲ್ದಾಣದ ಸಂಗತಿ. 2023ರ ಫೆಬ್ರುವರಿ 8ರಂದು ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಸಿಗ್ನಲ್ ದೊರೆತಿದ್ದರೂ ಪಾಯಿಂಟು ತಪ್ಪು ಹಳಿಗೆ ತಿರುಗಿತ್ತು. ಲೋಕೋ ಪೈಲಟ್ ಅದನ್ನು ಕಂಡು ಗಾಡಿಯನ್ನು ನಿಲ್ಲಿಸಿದುದರಿಂದ ಅನಾಹುತ ತಪ್ಪಿತು. ಸಿಗ್ನಲ್ ವ್ಯವಸ್ಥೆಯಲ್ಲಿ ಗಂಭೀರ ದೋಷವಿದೆ, ಸರಿಪಡಿಸದಿದ್ದರೆ ದೊಡ್ಡ ದುರಂತವಾದೀತು ಎಂದು ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಮರುದಿನವೇ ಪತ್ರ ಬರೆದರು. ನಾಲ್ಕು ತಿಂಗಳು ತುಂಬುವ ಮೊದಲೇ, ಜೂನ್ 2ರಂದು, ದೂರದ ಬಾಲೇಶ್ವರದಲ್ಲಿ ಹಸಿರು ಕಂಡು ಬಂದ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಲೈನಿಗೆ ನುಗ್ಗಿ ಗೂಡ್ಸ್ ಗಾಡಿಗೆ ಅಪ್ಪಳಿಸಿತು. ಅದರ ಡಬ್ಬಿಗಳು ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ಗಾಡಿಗೂ ತಾಗಿ, 290ಕ್ಕೂ ಹೆಚ್ಚು ಜನ ಮಡಿದರು. ಹಿಂದೆ ಸಿಗ್ನಲ್ ತಂತಿಗಳಲ್ಲಿ ಮಾಡಿದ ಮಾರ್ಪಾಡಿನ ಲೋಪಗಳೂ ಆ ದಿನದ ಲೆವೆಲ್ ಕ್ರಾಸಿಂಗ್ ಗೇಟಿನ ಕೆಲಸದ ಲೋಪಗಳೂ ಕೂಡಿ ಈ ದುರಂತವಾಯಿತೆಂದು ರೈಲ್ವೆ ಸುರಕ್ಷತಾ ಆಯುಕ್ತರು ಕಂಡುಕೊಂಡರು.

ಈ ಆಯುಕ್ತರ ಪದವಿಗೂ ಒಂದು ಚರಿತ್ರೆಯುಂಟು. ಗಾಡಿ ಓಡಿಸುವವರೇ ಅದರ ತಪ್ಪನ್ನು ವಿಚಾರಿಸಲಾಗದೆಂದು 1941ರಲ್ಲಿ, ಆಗ ಇನ್‌ಸ್ಪೆಕ್ಟರರೆನಿಸಿದ್ದ ಇವರನ್ನು ರೈಲ್ವೆ ಮಂಡಳಿಯ ಅಧೀನದಿಂದ ಬಿಡಿಸಿದರು. ಇಂದಿಗೂ ಅವರು ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಸೇರಿದವರು, ದಕ್ಷಿಣ ವೃತ್ತದ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲೇ. 1956ರಲ್ಲಿ ಅರಿಯಲೂರಿನ ದುರಂತದ ತರುವಾಯ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಸಚಿವ ಪದವಿಯನ್ನು ತ್ಯಜಿಸಿದುದನ್ನು ದೇಶವೆಲ್ಲ ಸ್ಮರಿಸುತ್ತದೆ. ಆಯುಕ್ತರ ವರದಿಗಳನ್ನಾದರೋ ಓದುವವರು ವಿರಳ.

ಈಗ ‘ಕವಚ’ವೆಂಬ ಸ್ವದೇಶೀ ಸಾಧನವನ್ನು ಮಾರ್ಗಮಾರ್ಗಕ್ಕೂ ಅಳವಡಿಸುತ್ತಿದ್ದಾರೆ, ಕೆಂಪನ್ನು ಮೀರಿದ ಗಾಡಿಗೆ ತಾನೇ ಬ್ರೇಕು ಹಾಕುವ ಅದು ಪೆನುಕೊಂಡದಂತಹ ಅಪಘಾತವನ್ನು ತಡೆಯಬಲ್ಲದು, ಶೀಘ್ರವಾಗಿ ಬರಲಿ. ಆದರೆ ಅದು ಕೂಡ ಸಿಗ್ನಲ್ಲಿನ ಮಾತನ್ನೇ ನಂಬುವುದು. ಹಸಿರೇ ಸುಳ್ಳಾದ ಕಡೆ, ರಿಪೇರಿಗೆ ಕೈಯಿಡುವ ಮುನ್ನ ಸ್ಟೇಷನ್ ಮಾಸ್ತರರಿಗೆ, ಆ ಸಾಧನವನ್ನು ಬಳಕೆಯಿಂದ ಬಿಡಿಸಿದೆಯೆಂದು ತಿಳಿಸುವ ಡಿಸ್ಕನೆಕ್ಷನ್ ಮೆಮೊ ಕೊಟ್ಟು, ಮುಗಿದ ಮೇಲೆ ಪಾಯಿಂಟಿನ ಬಳಿಗೇ ಹೋಗಿ ಅದು ತಿರುಗಿದ ದಿಕ್ಕನ್ನು ಕಣ್ಣಾರೆ ನೋಡಿ ಪರೀಕ್ಷಿಸಿದ ತರುವಾಯವೇ ಗಾಡಿಯನ್ನು ಬಿಡಬೇಕು. ಅವಸರದ ದಿನಗಳಲ್ಲಿ ಮೊದಲು ಬಿಟ್ಟುಹೋಗುವುದೂ ಈ ಕೆಲಸವೇ.