ಭೂಕಾಂತಕ್ಷೇತ್ರದ ನೆರವಿನಿಂದ ಉಪಗ್ರಹಗಳ ದಿಕ್ಕು ನಿಯಂತ್ರಣ

ಕಕ್ಷೆಯಲ್ಲಿರುವ ಉಪಗ್ರಹವು ತನ್ನ ಕ್ಯಾಮೆರಾವನ್ನು ಭೂಮಿಯತ್ತ, ಸೌರಫಲಕಗಳನ್ನು ಸೂರ್ಯನತ್ತ ತಿರುಗಿಸಿಕೊಂಡಿರಬೇಕಾಗುತ್ತದೆ. ಇದಕ್ಕಾಗಿ ಅನುಸರಿಸಲಾಗುವ ವಿಧಾನಗಳಲ್ಲಿ ಇಂಧನದ ಅಗತ್ಯವಿಲ್ಲದ ಒಂದು ವಿಧಾನವೆಂದರೆ ಭೂಮಿಯ ಕಾಂತಕ್ಷೇತ್ರದ ಬಳಕೆ. ವಿದ್ಯಾಸಂಸ್ಥೆಗಳು ನಿರ್ಮಿಸುವ ಅನೇಕ ಕಿರು ಉಪಗ್ರಹಗಳು ಈ ವಿಧಾನವನ್ನು ಅವಲಂಬಿಸಿರುವುದರಿಂದ, ಅಂತಹ ಯೋಜನೆಗೆ ಅರ್ಜಿ ಸಲ್ಲಿಸಲು ಇಚ್ಛಿಸುವವರು ಇದರ ಇತಿಮಿತಿಗಳನ್ನು ಮೊದಲೇ ಅರಿತಿರುವುದು ಒಳಿತು.

ಕಾರ್ಯವಿಧಾನ

ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿಸಿದಾಗ ಅದು ಆಯಸ್ಕಾಂತದಂತೆ ವರ್ತಿಸುತ್ತದೆ. ದಿಕ್ಸೂಚಿಯ ಮುಳ್ಳು ಉತ್ತರಕ್ಕೆ ಹೊರಳುವಂತೆಯೇ ಈ ಸುರುಳಿಯೂ ಭೂಕಾಂತಕ್ಷೇತ್ರಕ್ಕೆ ಹೊಂದಿಕೊಳ್ಳಲು ಹೊರಳುತ್ತದೆ ಹಾಗೂ ತನ್ನೊಡನೆ ಉಪಗ್ರಹವನ್ನೂ ತಿರುಗಿಸುತ್ತದೆ. ಇದಕ್ಕೆ ಮ್ಯಾಗ್ನೆಟಿಕ್ ಟಾರ್ಕರ್ ಎಂದು ಹೆಸರು. ಸಾಮಾನ್ಯವಾಗಿ ಪರಸ್ಪರ ಲಂಬವಾಗಿ ಮೂರು ಸುರುಳಿಗಳನ್ನು ಅಳವಡಿಸಲಾಗುತ್ತದೆ. ಕ್ಷೇತ್ರದ ದಿಕ್ಕನ್ನು ಮ್ಯಾಗ್ನೆಟೋಮೀಟರ್ ಅಳೆಯುತ್ತದೆ.

ಈ ವಿಧಾನದ ಮೂಲ ಒಂದು ತೊಡಕಿನಲ್ಲಿದೆ. 1960ರ ಏಪ್ರಿಲ್ 1ರಂದು ಅಮೆರಿಕವು ಉಡಾಯಿಸಿದ ಟೈರೋಸ್-1 ಹವಾಮಾನ ಉಪಗ್ರಹದ ಭ್ರಮಣಾಕ್ಷವು ಸ್ಥಿರವಾಗಿ ನಿಲ್ಲದೆ ಸರಿಯತೊಡಗಿತು. ಉಪಗ್ರಹದೊಳಗಿನ ವಿದ್ಯುತ್ ಪ್ರವಾಹಗಳೇ ಅದನ್ನು ದುರ್ಬಲ ಆಯಸ್ಕಾಂತವನ್ನಾಗಿಸಿದ್ದವು. ಅದೇ ವರ್ಷದ ನವೆಂಬರ್‌ನಲ್ಲಿ ಕಕ್ಷೆ ಸೇರಿದ ಟೈರೋಸ್-2ರಲ್ಲಿ ಈ ಪರಿಣಾಮವನ್ನೇ ನಿಯಂತ್ರಣಕ್ಕೆ ಬಳಸಿಕೊಳ್ಳಲು ಸುರುಳಿಯೊಂದನ್ನು ಅಳವಡಿಸಲಾಯಿತು. ಭಾರತದ ಐಆರ್‌ಎಸ್-1ಸಿ (1995) ದೂರಸಂವೇದಿ ಉಪಗ್ರಹದಲ್ಲಿ ಪ್ರತಿಕ್ರಿಯಾ ಚಕ್ರಗಳೊಂದಿಗೆ ಮ್ಯಾಗ್ನೆಟಿಕ್ ಟಾರ್ಕರ್‌ಗಳೂ ಇದ್ದವು.

ಇತಿಮಿತಿಗಳು

ಕಿರು ಉಪಗ್ರಹದಲ್ಲಿ ದೊರೆಯುವ ತಿರುಗಿಸುವ ಬಲವು ಒಂದು ನ್ಯೂಟನ್-ಮೀಟರ್‌ನ ಕೆಲವೇ ದಶಲಕ್ಷಾಂಶಗಳಷ್ಟು. ಭೂಮಿಯಿಂದ ದೂರ ಹೋದಂತೆ ಕ್ಷೇತ್ರವು ದೂರದ ಘನಕ್ಕೆ ವಿಲೋಮವಾಗಿ ಕ್ಷೀಣಿಸುವುದರಿಂದ, ಈ ವಿಧಾನವು ಮುಖ್ಯವಾಗಿ ಕೆಳಕಕ್ಷೆಗಳಿಗೆ ಸೂಕ್ತ.

ಇದಕ್ಕಿಂತ ಮುಖ್ಯವಾದ ಮಿತಿ ಇನ್ನೊಂದಿದೆ. ಯಾವುದೇ ಕ್ಷಣದಲ್ಲಿ ಉಪಗ್ರಹವನ್ನು ಆ ಸ್ಥಳದ ಕಾಂತರೇಖೆಯನ್ನೇ ಅಕ್ಷವಾಗಿಸಿ ತಿರುಗಿಸಲು ಸಾಧ್ಯವಿಲ್ಲ. ಎಷ್ಟೇ ಪ್ರಬಲವಾದ ಸುರುಳಿಯಿಂದಲೂ ಈ ಕೊರತೆ ನೀಗದು. ಧ್ರುವೀಯ ಕಕ್ಷೆಯಲ್ಲಿ ಉಪಗ್ರಹವು ಸಾಗಿದಂತೆ ರೇಖೆಯ ದಿಕ್ಕು ಬದಲಾಗುವುದರಿಂದ ಕೊರತೆಯು ತಾತ್ಕಾಲಿಕ. ಸಮಭಾಜಕಕ್ಕೆ ಸಮೀಪದ ಕಕ್ಷೆಯಲ್ಲಿ ರೇಖೆಯು ಬಹುತೇಕ ಉತ್ತರಾಭಿಮುಖವಾಗಿಯೇ ಉಳಿಯುವ ಕಾರಣ, ಅಲ್ಲಿ ಪ್ರತಿಕ್ರಿಯಾ ಚಕ್ರದಂತಹ ಬೇರೊಂದು ಸಾಧನವನ್ನು ಪರಿಗಣಿಸಬೇಕಾಗುತ್ತದೆ.

ವಿದ್ಯಾಸಂಸ್ಥೆಗಳ ಗಮನಕ್ಕೆ

ರಾಕೆಟ್‌ನಿಂದ ಬೇರ್ಪಟ್ಟ ಕಿರು ಉಪಗ್ರಹವು ಸಾಮಾನ್ಯವಾಗಿ ಉರುಳಾಡುತ್ತಿರುತ್ತದೆ. ಕಾಂತಕ್ಷೇತ್ರವು ಎಷ್ಟು ಶೀಘ್ರವಾಗಿ ಬದಲಾಗುತ್ತಿದೆ ಎಂಬುದನ್ನು ಅಳೆದು, ಅದಕ್ಕೆ ವಿರುದ್ಧವಾಗಿ ಸುರುಳಿಗಳಲ್ಲಿ ವಿದ್ಯುತ್ ಹರಿಸಿ ಈ ಉರುಳಾಟವನ್ನು ತಗ್ಗಿಸಲಾಗುತ್ತದೆ. ಇಲ್ಲಿ ಧನ-ಋಣ ಚಿಹ್ನೆ ಅದಲುಬದಲಾದರೆ ಉರುಳಾಟವು ತಗ್ಗುವ ಬದಲು ಹೆಚ್ಚುತ್ತದೆ. ಇದು ಕೇವಲ ಪುಸ್ತಕದ ಎಚ್ಚರಿಕೆಯಲ್ಲ. 1999ರ ಮೇ ತಿಂಗಳಲ್ಲಿ ಕಕ್ಷೆ ಸೇರಿದ, ಅಮೆರಿಕದ ಬೋಸ್ಟನ್ ವಿಶ್ವವಿದ್ಯಾಲಯದ ಟೆರಿಯರ್ಸ್ ಉಪಗ್ರಹವು ಒಂದು ಸುರುಳಿಗೆ ಸಂಬಂಧಿಸಿದ ಚಿಹ್ನೆಯ ದೋಷದಿಂದಾಗಿ ಸೌರಫಲಕವನ್ನು ಸೂರ್ಯನತ್ತ ತಿರುಗಿಸಲಾರದೆ, ಬ್ಯಾಟರಿ ಬರಿದಾಗಿ ನಿಷ್ಪ್ರಯೋಜಕವಾಯಿತು. ಆದ್ದರಿಂದ ಪ್ರತಿಯೊಂದು ಸುರುಳಿಯ ಧ್ರುವತೆಯನ್ನು, ಎಲ್ಲ ಭಾಗಗಳನ್ನು ಜೋಡಿಸಿದ ನಂತರವೂ, ದಿಕ್ಸೂಚಿ ಅಥವಾ ಮ್ಯಾಗ್ನೆಟೋಮೀಟರ್ ಹಿಡಿದು ನೇರವಾಗಿ ಪರೀಕ್ಷಿಸುವುದು ಅವಶ್ಯಕ. ಈ ಪರೀಕ್ಷೆಗೆ ತಗಲುವ ವೆಚ್ಚ ಅತ್ಯಲ್ಪ.

ಭಾರತದಲ್ಲಿ ಸರ್ಕಾರೇತರ ಸಂಸ್ಥೆಗಳ ಉಪಗ್ರಹ ಚಟುವಟಿಕೆಗಳಿಗೆ ಅಹಮದಾಬಾದ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇನ್-ಸ್ಪೇಸ್ ಸಂಸ್ಥೆಯು ಅನುಮತಿ ನೀಡುತ್ತದೆ. ಅರ್ಜಿಗಳನ್ನು ಆ ಸಂಸ್ಥೆಯ ಅಂತರಜಾಲ ತಾಣದ ಮೂಲಕ ಸಲ್ಲಿಸತಕ್ಕದ್ದು.