ಫೋನ್ ಫ್ರೀ, ಮಾತಿಗೆ ಹತ್ತು ಡಾಲರ್

ಬ್ಯಾಂಕಿಗೋ ಆಸ್ಪತ್ರೆಗೋ ಫೋನ್ ಮಾಡಿದಾಗ 'ಕನ್ನಡಕ್ಕಾಗಿ ಒಂದನ್ನು ಒತ್ತಿ' ಅನ್ನುತ್ತಲ್ಲ, ಅದರ ಹಿಂದೆ ಒಂದು ಪಿಬಿಎಕ್ಸ್ ಇರುತ್ತೆ. ಅಂದ್ರೆ ಆಫೀಸಿನ ಸ್ವಂತ ಎಕ್ಸ್‌ಚೇಂಜ್. ಇವತ್ತು ಅದರ ಲೈಸೆನ್ಸಿನ ಕಥೆ. ಬೋರ್ ಅಂತ ಸ್ಕಿಪ್ ಮಾಡಬೇಡಿ, ಇದರಿಂದ ನಾನು ಒಂದು ರಾತ್ರಿ ನಿದ್ದೆಗೆಟ್ಟಿದ್ದೇನೆ.

1999. ಅಮೆರಿಕದ ಅಲಬಾಮಾ ರಾಜ್ಯ. ಮಾರ್ಕ್ ಸ್ಪೆನ್ಸರ್ ಎಂಬ 22ರ ಹುಡುಗ ಲಿನಕ್ಸ್ ಸಪೋರ್ಟ್ ಕೊಡುವ ಪುಟ್ಟ ಕಂಪನಿ ತೆರೆದ. ಗ್ರಾಹಕರ ಕರೆ ಹಂಚೋಕೆ ಪಿಬಿಎಕ್ಸ್ ಬೇಕು, ಬೆಲೆ ನೋಡಿದ್ರೆ ಕೈಗೆಟುಕಲ್ಲ. ಸರಿ, ತಾನೇ ಸಾಫ್ಟ್‌ವೇರ್ ಬರೆದ. ಆಸ್ಟರಿಸ್ಕ್ ಅಂತ ಹೆಸರಿಟ್ಟು ಜಿಪಿಎಲ್ ಅಡಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ. ಅವನ ಕಂಪನಿಯೇ ಮುಂದೆ ಡಿಜಿಯಂ ಆಯಿತು. ಹಳೇ ಪಿಸಿ ಒಂದಿದ್ರೆ ಸಾಕು, ಎಕ್ಸ್‌ಚೇಂಜ್ ರೆಡಿ.

ಆದರೆ ಒಂದು ಜಾಗದಲ್ಲಿ ಮೀಟರ್ ಓಡುತ್ತಿತ್ತು. ಮಾಮೂಲಿ ಜಿ.711 ಕೋಡೆಕ್‌ನಲ್ಲಿ ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್ ಬೇಕು. 1996ರಲ್ಲಿ ಬಂದ ಜಿ.729ಗೆ ಬರೀ 8 ಸಾಕು. ನಿಧಾನದ ಇಂಟರ್‌ನೆಟ್‌ನಲ್ಲಿ ಶಾಖೆಯಿಂದ ಶಾಖೆಗೆ ಮಾತಾಡೋರಿಗೆ ಇದು ವರ. ತೊಡಕೇನಂದ್ರೆ ಅದಕ್ಕೆ ಪೇಟೆಂಟ್ ಇತ್ತು. ಹಾಗಾಗಿ ಡಿಜಿಯಂ ಅದನ್ನು ಚಾನೆಲ್‌ಗೆ ಹತ್ತು ಡಾಲರ್‌ನಂತೆ ಮಾರುತ್ತಿತ್ತು. ಏಕಕಾಲಕ್ಕೆ ಐದು ಕರೆ ಅಂದ್ರೆ ಐದು ಚಾನೆಲ್. ಕೀ ಹಾಕಿ ನೋಂದಾಯಿಸಿದಾಗ ಲೈಸೆನ್ಸ್ ಆ ಮೆಷಿನ್ನಿನ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸಕ್ಕೆ ಅಂಟಿಕೊಳ್ಳುತ್ತಿತ್ತು. ಕಾರ್ಡ್ ಬದಲಾದ್ರೆ ಬ್ಯಾಕಪ್ ಫೈಲ್ ಇದ್ದೂ ಪ್ರಯೋಜನ ಇಲ್ಲ, ಮತ್ತೆ ನೋಂದಾಯಿಸಬೇಕು.

ನಾನಾಗ ಬೆಂಗಳೂರಿನಲ್ಲಿ ಇಂಥ ಸಿಸ್ಟಂ ಹಾಕಿಕೊಡೋ ಕೆಲಸದಲ್ಲಿದ್ದೆ. ಎಲ್ಲ ಗ್ರಾಹಕರ ಕೀಗಳು ಒಂದೇ ಎಕ್ಸೆಲ್ ಶೀಟಲ್ಲಿ. ಕೀ ಬರೆದಿಟ್ಟಿದ್ದೆ, ಯಾವ ಮೆಷಿನ್ನಿಗೆ ಹಾಕಿದೆ ಅಂತ ಬರೆದಿರಲಿಲ್ಲ. ಮಳೆಗಾಲದ ಒಂದು ಸಂಜೆ, ಸಿಡಿಲಿಗೆ ಒಬ್ಬ ಗ್ರಾಹಕರ ನೆಟ್‌ವರ್ಕ್ ಕಾರ್ಡ್ ಸುಟ್ಟಿತು. ಹೊಸದು ಹಾಕಿದೆ. ಸಿಸ್ಟಂ ಎದ್ದಿತು, ಶಾಖೆಯ ಕರೆಗಳು ಮಾತ್ರ ಹೋಗಲಿಲ್ಲ.

ಕೀ ಹುಡುಕುತ್ತಾ ಕೂತಾಗ ಇನ್ನೊಂದು ವಿಷಯ ಹೊರಬಿತ್ತು. ಅಲ್ಲಿ ಓಡುತ್ತಿದ್ದ ಎಂಟು ಚಾನೆಲ್‌ಗಳಲ್ಲಿ ನಾಲ್ಕು ಬೇರೆಯ ಗ್ರಾಹಕರವು! ಯಾವಾಗಲೋ ಡೆಮೊಗೆ ಅಂತ ನಾನೇ ಹಾಕಿ ಮರೆತಿದ್ದೆ. ಅವರು ದುಡ್ಡು ಕೊಟ್ಟಿದ್ದಾರೆ, ಇವರು ಮಾತಾಡ್ತಿದ್ದಾರೆ. 'ನಮ್ಮ ಲೈನ್ ಯಾಕೆ ಬ್ಯುಸಿ ಬರುತ್ತೆ' ಅಂತ ಅವರು ಎರಡು ಸಲ ಕೇಳಿದ್ದರು, ನಾನು ಇಂಟರ್‌ನೆಟ್ ಮೇಲೆ ತಪ್ಪು ಹೊರಿಸಿದ್ದೆ.

ಬೆಳಿಗ್ಗೆ ಇಬ್ಬರಿಗೂ ಫೋನ್ ಮಾಡಿ ನಿಜ ಹೇಳಿದೆ. ಒಬ್ಬರು ನಕ್ಕರು. ದುಡ್ಡು ಕೊಟ್ಟಿದ್ದವರು ನಗಲಿಲ್ಲ, ವರ್ಷದ ಕಾಂಟ್ರಾಕ್ಟ್ ಬೇರೆಯವರಿಗೆ ಕೊಟ್ಟರು. ಅದಾದ ಮೇಲೆ ಶೀಟ್‌ಗೆ ಮೂರು ಕಾಲಂ ಸೇರಿಸಿದೆ: ಯಾರ ಹೆಸರಲ್ಲಿ ಖರೀದಿ, ಯಾವ ಮ್ಯಾಕ್ ವಿಳಾಸ, ಯಾರು ಹಾಕಿದ್ದು.

2017ರ ಜನವರಿ ಹೊತ್ತಿಗೆ ಜಿ.729ರ ಹೆಚ್ಚಿನ ಪೇಟೆಂಟುಗಳ ಅವಧಿ ಮುಗಿದು ರಾಯಲ್ಟಿಯ ಗೊಡವೆ ಹೋಯಿತು. ಮರುವರ್ಷ ಕೆನಡಾದ ಸ್ಯಾಂಗೋಮಾ, ಡಿಜಿಯಂ ಕಂಪನಿಯನ್ನೇ ಕೊಂಡಿತು. ಈಗ ಕ್ಲೌಡ್ ಫೋನ್‌ಗಳಲ್ಲಿ ತಿಂಗಳಿಗೆ ಇಷ್ಟು ಯೂಸರ್ ಅಂತ ಎಣಿಸ್ತಾರೆ. ಶೀಟ್ ಇನ್ನೂ ನನ್ನ ಹತ್ರ ಇದೆ. ಕೊನೇ ಕಾಲಮ್ಮಿನಲ್ಲಿ ಆ ಎರಡು ಸಾಲಿನ ಎದುರು ನನ್ನ ಹೆಸರೇ ಇರೋದು.